ಮರ್ಜ್ ಮಾಡಿದವರು ಷರಾ ಬರೆಯಬೇಕು

ಅಕೌಂಟೆನ್ಸಿಯಲ್ಲಿ ಜರ್ನಲ್ ನಮೂದಿನ ಕೆಳಗೆ ಒಂದು ಸಾಲಿನ ವಿವರಣೆ ಬರೆಯುತ್ತೇವೆ. ಡೆಬಿಟ್, ಕ್ರೆಡಿಟ್ ಸರಿಯಿದ್ದರೂ ಹಣ ಯಾಕೆ ಬಂತು, ಯಾಕೆ ಹೋಯಿತು ಎಂಬುದು ಅಂಕಿಗಳಿಂದಷ್ಟೇ ತಿಳಿಯದು. ಪ್ರೋಗ್ರಾಂ ಬರೆಯುವವರ ಲೆಕ್ಕದ ಪುಸ್ತಕವಾದ ಗಿಟ್‌ಗೂ ಇದೇ ಮಾತು ಸಲ್ಲುತ್ತದೆ.

ಲಿನಕ್ಸ್ ಕೆಲಸಕ್ಕಾಗಿ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ರಚಿಸಿದರು. ಅದರಲ್ಲಿ ಪ್ರತಿ ಬದಲಾವಣೆಯ ದಾಖಲೆಯೂ ಒಂದು ಕಮಿಟ್. ಒಬ್ಬೊಬ್ಬರೂ ತಮ್ಮ ಬ್ರಾಂಚ್‌ನಲ್ಲಿ ಕೆಲಸ ಮಾಡಿ, ಆಮೇಲೆ ಒಟ್ಟಿಗೆ ಸೇರಿಸುವುದೇ ಮರ್ಜ್. ಮಾಮೂಲಿ ಕಮಿಟ್‌ನ ಹಿಂದೆ ಒಂದು ಕಮಿಟ್ ಇದ್ದರೆ, ಮರ್ಜ್ ಕಮಿಟ್‌ನ ಹಿಂದೆ ಕನಿಷ್ಠ ಎರಡು ಇರುತ್ತವೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜಿನ ಲೆಕ್ಕಕ್ಕೆ ಇಬ್ಬರು ಸೇರಿ ಪ್ರೋಗ್ರಾಂ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಕಿಲೋಗೆ 523 ರೂಪಾಯಿಯಂತೆ 38.4 ಕಿಲೋ ಗೂಡಿಗೆ 20,083.20 ರೂಪಾಯಿ. ಒಬ್ಬರು ಪೈಸೆ ಬಿಟ್ಟಿದ್ದಾರೆ, ಇನ್ನೊಬ್ಬರು ಉಳಿಸಿದ್ದಾರೆ. ಇಬ್ಬರೂ ಒಂದೇ ಸಾಲನ್ನು ತಿದ್ದಿರುವುದರಿಂದ ಮರ್ಜ್ ಮಾಡುವಾಗ ಗಿಟ್ ನಿಂತುಬಿಡುತ್ತದೆ. ಯಾವುದು ಇರಬೇಕೆಂದು ಮನುಷ್ಯನೇ ತೀರ್ಮಾನಿಸಬೇಕು. ಆ ತೀರ್ಮಾನದ ಕಾರಣ ಕೋಡ್‌ನಲ್ಲಿ ಕಾಣುವುದಿಲ್ಲ.

ಗಿಟ್ ತಾನಾಗಿ ಕೊಡುವ ಸಂದೇಶ ‘ಮರ್ಜ್ ಬ್ರಾಂಚ್ ರಶೀದಿ’ ಎಂದಷ್ಟೇ ಇರುತ್ತದೆ. ಇದರಿಂದ ಯಾರಿಗೂ ಏನೂ ತಿಳಿಯದು. ಹೀಗೆ ಬರೆದರೆ ತಿಳಿಯುತ್ತದೆ:

‘ರಶೀದಿ ಬ್ರಾಂಚ್ ಸೇರ್ಪಡೆ: ಮೊತ್ತದಲ್ಲಿ ಪೈಸೆ ಉಳಿಸಿದೆ

ರಶೀದಿ ಮುದ್ರಿಸುವ ಭಾಗ ಈಗ ಮುಖ್ಯ ಬ್ರಾಂಚ್‌ಗೆ ಬಂದಿದೆ. ಮೊತ್ತದ ಸಾಲು ಎರಡೂ ಕಡೆ ಬದಲಾಗಿತ್ತು. ಪೈಸೆ ಬಿಟ್ಟರೆ ರೈತರ ಚೀಟಿಗಳ ಮೊತ್ತವೂ ದಿನದ ಒಟ್ಟು ಮೊತ್ತವೂ ತಾಳೆಯಾಗದು. ಮೂರು ಲಾಟ್‌ಗಳ ಲೆಕ್ಕ ಹಾಕಿ ನೋಡಿದೆ.’

ಇದರಲ್ಲಿ ನಾಲ್ಕು ಸಂಗತಿಗಳಿವೆ: ಏನು ಸೇರಿತು, ಎಲ್ಲಿ ಘರ್ಷಣೆಯಾಯಿತು, ಯಾವುದನ್ನು ಯಾಕೆ ಉಳಿಸಲಾಯಿತು, ಹೇಗೆ ಪರೀಕ್ಷಿಸಲಾಯಿತು. ಮೊದಲ ಸಾಲು ಚಿಕ್ಕದಾಗಿರಲಿ. ಪಟ್ಟಿಯಲ್ಲಿ ಅದೊಂದೇ ಕಾಣುತ್ತದೆ. ನಂತರ ಒಂದು ಖಾಲಿ ಸಾಲು ಬಿಟ್ಟು ವಿವರ ಬರೆಯಿರಿ. ಕನ್ನಡದಲ್ಲೇ ಬರೆದರೂ ಗಿಟ್ ಸ್ವೀಕರಿಸುತ್ತದೆ.

2012ರಿಂದ ಗಿಟ್ ಮರ್ಜ್ ಮಾಡುವಾಗ ಸಂದೇಶದ ಕಿಟಕಿ ತೆರೆದು, ಈ ಮರ್ಜ್ ಯಾಕೆ ಬೇಕೆಂದು ಬರೆಯಲು ಕೇಳುತ್ತದೆ. ಓದದೆ ಮುಚ್ಚುವವರೇ ಹೆಚ್ಚು. ಇನ್ನೊಂದು ವಿಷಯ: ಮುಖ್ಯ ಬ್ರಾಂಚ್‌ನಲ್ಲಿ ಹೊಸದೇನೂ ಆಗಿರದಿದ್ದರೆ ಗಿಟ್ ಮರ್ಜ್ ಕಮಿಟ್ ಮಾಡದೆ ನೇರ ಮುಂದಕ್ಕೆ ಸರಿಯುತ್ತದೆ. ಆಗಲೂ ಷರಾ ಉಳಿಯಬೇಕೆಂದರೆ ಆದೇಶದ ಜೊತೆ ‘ನೋ-ಎಫ್‌ಎಫ್’ ಆಯ್ಕೆ ಕೊಡಬೇಕು.

ನಮ್ಮ ಮನೆಯ ಉರ್ದುವಿನಲ್ಲಿ ‘ಶರಹ್’ ಎಂದರೆ ವಿವರಣೆ. ಕಚೇರಿ ಕಡತದ ಅಂಚಿನಲ್ಲಿ ಬರೆಯುವ ಷರಾ ಮಾಡುವುದೂ ಅದೇ ಕೆಲಸ. ಅದನ್ನು ಓದುವವರು ಬೇರೆ ಯಾರೋ ಆಗಿರುತ್ತಾರೆ, ಕೇಳೋಣವೆಂದರೆ ಬರೆದವರು ಅಲ್ಲಿರುವುದಿಲ್ಲ. ನಾವು ಪಿಯುಸಿ ಮುಗಿಸಿ ಹೋದ ಮೇಲೆ ನಮ್ಮ ಪ್ರಾಜೆಕ್ಟ್ ಮುಂದುವರಿಸುವ ಜೂನಿಯರ್‌ಗಳಿಗೆ ಆ ನಾಲ್ಕು ಸಾಲುಗಳೇ ಉತ್ತರ ಹೇಳಬೇಕು.