ಮದುಮಕ್ಕಳ ವಾಲ್ಟ್ಸ್

ಆಸ್ಟ್ರಿಯಾದ ಮದುವೆಯಲ್ಲಿ ಊಟ ಮುಗಿದು, ಹಾರೈಕೆಯ ಮಾತುಗಳೆಲ್ಲ ಆದಮೇಲೆ ಸಭಾಂಗಣದ ನಡುವಿನ ಜಾಗ ಖಾಲಿಯಾಗುತ್ತದೆ. ಬಂಧುಬಳಗ ಸುತ್ತುಗಟ್ಟಿ ನಿಲ್ಲುತ್ತದೆ. ವಾದ್ಯದವರು ಮೂರೆಣಿಕೆಯ ಲಯ ಎತ್ತಿಕೊಳ್ಳುತ್ತಾರೆ. ಆ ನೆಲಕ್ಕೆ ಮೊದಲು ಕಾಲಿಡುವ ಹಕ್ಕು ಮದುಮಕ್ಕಳದು. ಒಂದೆರಡು ನಿಮಿಷ ಅವರಿಬ್ಬರೇ ಸುತ್ತುತ್ತಾರೆ. ಆಮೇಲೆ ಮದುಮಗಳು ಅಪ್ಪನ ಕೈಹಿಡಿಯುತ್ತಾಳೆ, ಮದುಮಗ ಅಮ್ಮನನ್ನು ಕರೆತರುತ್ತಾನೆ, ಬೀಗರು ಬೀಗರಿಗೆ ಜೊತೆಯಾಗುತ್ತಾರೆ, ಗೆಳೆಯರು, ನೆರೆಹೊರೆಯವರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಹಾಡು ಮುಗಿಯುವ ಹೊತ್ತಿಗೆ ಗೋಡೆಗೆ ಒರಗಿ ನಿಂತವರೇ ಕಡಿಮೆ. ಇದನ್ನು ಅಲ್ಲಿನವರು ಬ್ರೌಟ್‌ವಾಲ್ಟ್ಸರ್, ಅಂದರೆ ಮದುಮಗಳ ವಾಲ್ಟ್ಸ್, ಎಂದು ಕರೆಯುತ್ತಾರೆ.

ಮೊದಲ ಆ ಒಂದೆರಡು ನಿಮಿಷಕ್ಕಾಗಿ ವಿಯೆನ್ನಾದ ಜೋಡಿಗಳು ಮದುವೆಗೆ ಮುಂಚೆ ನೃತ್ಯಶಾಲೆಗೆ ಹೋಗುತ್ತವೆ. ಅಲ್ಲಿನ ಶಾಲೆಗಳು ಮದುವೆಯವರಿಗೆಂದೇ ಪ್ರತ್ಯೇಕ ತರಗತಿ ಇಟ್ಟಿವೆ. ಕೆಲವರು ಕೆಲವು ವಾರ ನಿಧಾನವಾಗಿ ಕಲಿಯುತ್ತಾರೆ, ಕೆಲವರು ಒಂದು ಶನಿವಾರ, ಭಾನುವಾರದಲ್ಲೇ ಮುಗಿಸುತ್ತಾರೆ. ಇಬ್ಬರಿಗೆ ಮಾತ್ರ ಮೀಸಲಾದ ಪಾಠವೂ ಉಂಟು. ಈ ಶಾಲೆಗಳ ವಿಶೇಷವೆಂದರೆ ಅಲ್ಲಿ ಕಲಿಸುವ ನೃತ್ಯ ಇಬ್ಬರದೇ ಸ್ವತ್ತಲ್ಲ. ಆ ಸಭಾಂಗಣದಲ್ಲಿ ಕುಳಿತ ಅಜ್ಜಿಗೂ ಗೊತ್ತಿರುವ ಹೆಜ್ಜೆಯನ್ನೇ ಮದುಮಕ್ಕಳು ಕಲಿಯುತ್ತಾರೆ. ನನಗೆ ಈ ಪದ್ಧತಿ ಬಹಳ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ.

ವಿಯೆನ್ನಾದ ನೃತ್ಯಶಾಲೆ ಎಂದಕೂಡಲೆ ಮೊದಲು ಬರುವ ಹೆಸರು ಎಲ್‌ಮಾಯರ್. ಹೋಫ್‌ಬುರ್ಗ್ ಅರಮನೆಯಿಂದ ಕೂಗಳತೆಯಲ್ಲಿ, ಬ್ರಾಯ್ನರ್‌ಶ್ಟ್ರಾಸೆ ಎಂಬ ಇಕ್ಕಟ್ಟಿನ ಬೀದಿಯಲ್ಲಿ, ಪಲ್ಲಾವಿಚಿನಿ ಮನೆತನದ ಸೌಧಕ್ಕೆ ಸೇರಿದ ಹಳೆಯ ಕುದುರೆಲಾಯ ಈಗ ಪಾಠದ ಜಾಗ. ಅದನ್ನು 1919ರಲ್ಲಿ ಶುರುಮಾಡಿದವರು ವಿಲ್ಲಿ ಎಲ್‌ಮಾಯರ್, ಹಾಬ್ಸ್‌ಬುರ್ಗ್ ದೊರೆಗಳ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ಹಿಂದಿನ ವರ್ಷವಷ್ಟೇ ಮಹಾಯುದ್ಧ ಸೋತು ಸಾಮ್ರಾಜ್ಯವೇ ಕುಸಿದುಬಿದ್ದಿತ್ತು. ದೊರೆ ಹೋದ, ಸೈನ್ಯ ಹೋಯಿತು. ಉಳಿದದ್ದು ನಡೆನುಡಿ ಮತ್ತು ನೃತ್ಯ. ಅವೆರಡನ್ನೂ ಒಟ್ಟಿಗೆ ಕಲಿಸುವ ಶಾಲೆ ನೂರು ವರ್ಷ ದಾಟಿ ಇವತ್ತಿಗೂ ನಡೆಯುತ್ತಿದೆ. ಜೊತೆಗಾತಿಯನ್ನು ನೃತ್ಯಕ್ಕೆ ಕರೆಯುವುದು ಹೇಗೆ, ಮುಗಿದಮೇಲೆ ಅವಳ ಜಾಗದವರೆಗೆ ಹೋಗಿ ಬಿಟ್ಟುಬರುವುದು ಹೇಗೆ ಎಂಬುದೂ ಅಲ್ಲಿ ಪಾಠವೇ. ಹದಿನೈದು, ಹದಿನಾರರ ಮಕ್ಕಳನ್ನು ಇಂಥ ಶಾಲೆಗಳಿಗೆ ಕಳಿಸುವುದು ಆ ನಗರದ ಅನೇಕ ಮನೆಗಳಲ್ಲಿ ಹಳೆಯ ರೂಢಿ. ಹಾಗಾಗಿ ಮದುವೆಯ ಹೊಸ್ತಿಲಲ್ಲಿ ಬರುವವರಲ್ಲಿ ಎರಡು ಬಗೆ: ಹುಡುಗಾಟದ ವಯಸ್ಸಿನಲ್ಲಿ ಕಲಿತು ಮರೆತವರು, ಮತ್ತು ಕಾಲು ಎತ್ತಲೂ ನಾಚುವ ಹೊಸಬರು. ಒಂದೇ ಜೋಡಿಯಲ್ಲಿ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಇರುವುದೂ ಸಾಮಾನ್ಯ.

ಪಾಠ ಶುರುವಾಗುವುದು ನಿಲ್ಲುವುದರಿಂದ. ನಡೆಸುವವರು ಬಲಗೈಯನ್ನು ಜೊತೆಗಾರರ ಎಡ ಹೆಗಲಿನ ಹಿಂದಿನ ಅಗಲ ಮೂಳೆಯ ಮೇಲೆ ಇಡಬೇಕು, ಸೊಂಟಕ್ಕೆ ಜಾರಿಸಬಾರದು. ಎಡಗೈಯಲ್ಲಿ ಅವರ ಬಲಗೈ ಹಿಡಿದು ಹೆಚ್ಚುಕಮ್ಮಿ ಕಣ್ಣಿನ ಎತ್ತರಕ್ಕೆ ನಿಲ್ಲಿಸಬೇಕು. ಇಬ್ಬರೂ ನೇರ ಎದುರುಬದುರಾಗದೆ ತುಸು ಪಕ್ಕಕ್ಕೆ ಸರಿದು, ಒಬ್ಬರ ಬಲಹೆಗಲಿನ ಮೇಲಿನಿಂದ ಇನ್ನೊಬ್ಬರು ಆಚೆ ನೋಡುವಂತೆ ನಿಲ್ಲುತ್ತಾರೆ. ಈ ತುಸು ಸರಿಯುವುದರಲ್ಲೇ ಗುಟ್ಟಿದೆ. ಆಗ ಒಬ್ಬರ ಬಲಗಾಲು ಇನ್ನೊಬ್ಬರ ಎರಡೂ ಪಾದಗಳ ನಡುವೆ ಸಲೀಸಾಗಿ ಹೋಗುತ್ತದೆ, ಯಾರ ಬೆರಳನ್ನೂ ಯಾರೂ ತುಳಿಯುವುದಿಲ್ಲ. ಹೊಸಬರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ: ತಲೆ ತಗ್ಗಿಸಿ ಕಾಲು ನೋಡಿಕೊಳ್ಳುತ್ತಾರೆ, ಇಲ್ಲವೆ ಕೈಯಿಂದ ಜಗ್ಗಿ ತಿರುಗಿಸಲು ನೋಡುತ್ತಾರೆ. ತಲೆ ತಗ್ಗಿಸಿದರೆ ಇಬ್ಬರ ತೂಕವೂ ಮುಂದಕ್ಕೆ ವಾಲಿ ಸುತ್ತು ಕುಂಟುತ್ತದೆ. ಕೈಯಿಂದ ಎಳೆದರೆ ತೋಳು ಬರುತ್ತದೆ, ಮೈ ಬರುವುದಿಲ್ಲ. ದಾರಿ ತೋರಿಸುವುದು ಎದೆ ಮತ್ತು ಸೊಂಟ. ಕೈಗಳ ಕೆಲಸ ಆ ಸುದ್ದಿ ಮುಟ್ಟಿಸುವುದಷ್ಟೆ.

ಹೆಜ್ಜೆ ಲೆಕ್ಕಕ್ಕೆ ಸಿಗುವಂಥದೇ. ಬಲಸುತ್ತಿನಲ್ಲಿ ನಡೆಸುವವರ ಬಲಗಾಲು ಮುಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಬಂದು ಎಡಗಾಲಿಗೆ ಸೇರುತ್ತದೆ. ಅಲ್ಲಿಗೆ ಮೂರೆಣಿಕೆಯ ಒಂದು ಆವರ್ತ ಮುಗಿಯಿತು, ಮೈ ಅರ್ಧ ತಿರುಗಿತು. ಮುಂದಿನ ಆವರ್ತದಲ್ಲಿ ಎಡಗಾಲು ಹಿಂದೆ, ಬಲಗಾಲು ಪಕ್ಕಕ್ಕೆ, ಎಡಗಾಲು ಬಂದು ಸೇರುತ್ತದೆ, ಸುತ್ತು ಪೂರ್ತಿಯಾಯಿತು. ಎದುರಿನವರದು ಇದೇ ಆರು ಹೆಜ್ಜೆ, ಅರ್ಧ ಹಿಂದುಮುಂದಾಗಿ: ಒಬ್ಬರು ಮುಂದೆ ಬರುವಾಗ ಇನ್ನೊಬ್ಬರು ಹಿಂದೆ. ತಿಶ್ರ ನಡೆ ಕೇಳಿ ಬೆಳೆದವರಿಗೆ ಎಣಿಕೆ ಕಷ್ಟವಲ್ಲ. ಕಷ್ಟ ವೇಗದ್ದು. ವಿಯೆನ್ನಾ ವಾಲ್ಟ್ಸ್ ನಿಮಿಷಕ್ಕೆ ಸುಮಾರು 180 ಎಣಿಕೆಯಲ್ಲಿ ಓಡುತ್ತದೆ. ಅಂದರೆ 60 ಆವರ್ತ, 30 ಪೂರ್ತಿ ಸುತ್ತು. ಎರಡು ಸೆಕೆಂಡಿಗೆ ಒಮ್ಮೆ ಇಬ್ಬರೂ ಪೂರ್ತಿ ತಿರುಗಿರಬೇಕು. ಬರೀ ತಿರುಗಿದರೂ ಸಾಲದು, ಬುಗುರಿಯಂತೆ ತಮ್ಮ ಸುತ್ತ ತಿರುಗುತ್ತಲೇ ನೆಲದುದ್ದಕ್ಕೂ ಸಾಗಬೇಕು. ತಾವು ಬಲಕ್ಕೆ ಸುತ್ತುತ್ತಾ ಸಭಾಂಗಣವನ್ನು ಅಪ್ರದಕ್ಷಿಣವಾಗಿ ಬಳಸುವುದು ಅಲ್ಲಿನ ನಿಯಮ. ಎಲ್ಲ ಜೋಡಿಗಳೂ ಒಂದೇ ದಿಕ್ಕಿನಲ್ಲಿ ಸಾಗುವುದರಿಂದಲೇ ನೂರು ಜನ ಇಳಿದರೂ ಡಿಕ್ಕಿಯಾಗುವುದಿಲ್ಲ.

ಹಾಗಾಗಿ ಶಿಕ್ಷಕರು ಮೊದಲು ನಿಧಾನ ವಾಲ್ಟ್ಸ್ ಹಿಡಿಸುತ್ತಾರೆ. ಅದರ ವೇಗ ನಿಮಿಷಕ್ಕೆ 84ರಿಂದ 90 ಎಣಿಕೆ, ಅರ್ಧಕ್ಕರ್ಧ. ಅಲ್ಲಿ ಮೈ ಒಗ್ಗಿದ ಮೇಲೆ ವೇಗಕ್ಕೆ ಕೈಹಾಕುತ್ತಾರೆ. ತಲೆಸುತ್ತು ಬಂದೇ ಬರುತ್ತದೆ, ಅದಕ್ಕೂ ಉಪಾಯ ಇದೆ. ಪೆಂಡೆಲ್‌ಶ್ರಿಟ್ ಎಂಬ ತೂಗುಹೆಜ್ಜೆಯಲ್ಲಿ ಸುತ್ತುವುದನ್ನು ನಿಲ್ಲಿಸಿ, ಇದ್ದಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ಉಸಿರು ತೆಗೆದುಕೊಳ್ಳಬಹುದು. ನೋಡುವವರಿಗೆ ಅದೂ ನೃತ್ಯದ ಭಾಗವಾಗಿಯೇ ಕಾಣುತ್ತದೆ. ಮದುವೆಗೆ ತಯಾರಾಗುವವರಿಗೆ ಬಲಸುತ್ತು ಮತ್ತು ಈ ತೂಗುಹೆಜ್ಜೆ, ಇವೆರಡೇ ಬಂದರೂ ಆ ದಿನ ದಾಟುತ್ತದೆ. ಎಡಸುತ್ತು ಬೇರೆಯೇ ಮಟ್ಟದ್ದು. ಅದರಲ್ಲಿ ಒಂದು ಕಾಲು ಇನ್ನೊಂದರ ಮುಂದೆ ಅಡ್ಡಹಾಯಬೇಕು. ವಿಯೆನ್ನಾದ ಆಪೆರಾ ಬಾಲ್ ಎಂಬ ದೊಡ್ಡ ನೃತ್ಯಕೂಟದಲ್ಲಿ ಬಿಳಿ ಉಡುಪಿನ ಹೆಣ್ಣುಮಕ್ಕಳು ಮತ್ತು ಕರಿಕೋಟಿನ ಹುಡುಗರು ನೂರಕ್ಕೂ ಹೆಚ್ಚು ಜೋಡಿಯಾಗಿ ಏಕಕಾಲಕ್ಕೆ ಸುತ್ತುವುದು ಈ ಎಡಸುತ್ತನ್ನೇ. ಅದು ಮುಗಿದದ್ದೇ ‘ಆಲೆಸ್ ವಾಲ್ಟ್ಸರ್’ ಎಂಬ ಕೂಗು. ಇನ್ನು ಎಲ್ಲರೂ ವಾಲ್ಟ್ಸ್‌ಗೆ ಇಳಿಯಿರಿ ಎಂಬ ಅಪ್ಪಣೆ ಅದು. ನೂರು ಜೋಡಿಯ ಆ ಉತ್ಸವಕ್ಕೂ ಹಳ್ಳಿಯ ಹೋಟೆಲಿನ ಮದುವೆಗೂ ಕ್ರಮ ಒಂದೇ: ಮೊದಲು ಕೆಲವರು, ಆಮೇಲೆ ಎಲ್ಲರೂ.

ಯಾರು ನಡೆಸಬೇಕು ಎಂಬ ಪ್ರಶ್ನೆಗೂ ಈಗ ಒಂದೇ ಉತ್ತರ ಉಳಿದಿಲ್ಲ. ಆಸ್ಟ್ರಿಯಾದಲ್ಲಿ 2019ರಿಂದ ಒಂದೇ ಲಿಂಗದವರ ಮದುವೆಗೆ ಕಾನೂನಿನ ಮಾನ್ಯತೆ ಇದೆ. 2020ರ ಆಪೆರಾ ಬಾಲ್ ಉದ್ಘಾಟನೆಯಲ್ಲಿ ಇಬ್ಬರು ಯುವತಿಯರು ಜೋಡಿಯಾಗಿ ಇಳಿದರು, ಅಲ್ಲಿ ಅಂಥದು ಅದೇ ಮೊದಲು. ನಡೆಸುವ ಹೆಜ್ಜೆಯನ್ನು ಇಬ್ಬರಲ್ಲಿ ಯಾರು ಕಲಿತರೂ ವಾಲ್ಟ್ಸ್‌ಗೆ ಏನೂ ಕುಂದಿಲ್ಲ.

ಹಾಡಿನ ಆಯ್ಕೆಯಲ್ಲೂ ಶಾಲೆಯ ಅನುಭವ ಕೆಲಸಕ್ಕೆ ಬರುತ್ತದೆ. ಎರಡನೆಯ ಯೊಹಾನ್ ಸ್ಟ್ರೌಸ್ 1867ರಲ್ಲಿ ಹೊರತಂದ ‘ನೀಲಿ ಡ್ಯಾನ್ಯೂಬ್’ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಹಿಂದಿನ ವರ್ಷ ಪ್ರಷ್ಯಾದ ಕೈಯಲ್ಲಿ ಯುದ್ಧ ಸೋತು ಕುಗ್ಗಿದ್ದ ನಗರದಲ್ಲಿ ಅದು ಮೊದಲು ಕೇಳಿಸಿದ್ದು ಗಂಡಸರ ಮೇಳಗಾನವಾಗಿ. ಲೋಕ ಗೆದ್ದದ್ದು ವಾದ್ಯಮೇಳದ ರೂಪದಲ್ಲಿ, ಅದೇ ವರ್ಷದ ಪ್ಯಾರಿಸ್ ಮಹಾಪ್ರದರ್ಶನದಲ್ಲಿ. ಆದರೆ ಮದುಮಕ್ಕಳಿಗೆ ಅದರಲ್ಲೊಂದು ತೊಡಕು ಕಾದಿದೆ. ಪೂರ್ತಿ ಕೃತಿ ಹತ್ತು ನಿಮಿಷದ ಆಸುಪಾಸಿನದು, ಅದರ ಮೊದಲ ಒಂದೂವರೆ ನಿಮಿಷ ಬರೀ ಪೀಠಿಕೆ. ಪಿಟೀಲುಗಳು ಸಣ್ಣಗೆ ನಡುಗುತ್ತವೆ, ಕೊಂಬು ಅಲ್ಲಲ್ಲಿ ರಾಗ ಎಳೆಯುತ್ತದೆ, ಹೆಜ್ಜೆ ಹಾಕಲು ತಾಳವೇ ಸಿಗುವುದಿಲ್ಲ. ಅಷ್ಟು ಹೊತ್ತು ನೂರಾರು ಕಣ್ಣುಗಳ ಮುಂದೆ ಸುಮ್ಮನೆ ನಿಲ್ಲುವುದು ಯಾರಿಗೂ ಹಿತವಲ್ಲ. ಅದಕ್ಕೇ ಪೀಠಿಕೆ ಬಿಟ್ಟು, ನಡುವಿನ ಎರಡು ಮೂರು ನಿಮಿಷವನ್ನಷ್ಟೇ ಕತ್ತರಿಸಿಕೊಳ್ಳುವುದು ಜಾಣತನ. ಶೋಸ್ತಕೋವಿಚ್‌ನ ‘ಎರಡನೇ ವಾಲ್ಟ್ಸ್’ ಇದಕ್ಕಿಂತ ಅನುಕೂಲ. ಶುರುವಿನಲ್ಲೇ ‘ಬೂಂ ಚಿಕ್ ಚಿಕ್’ ಎಂದು ಎಣಿಕೆ ಕೈಗಿಡುತ್ತದೆ. ಎಡ್ ಶೀರನ್‌ನ ‘ಪರ್ಫೆಕ್ಟ್’ ಹಾಡಿಗೆ ಹೆಜ್ಜೆ ಹಾಕುವ ಹೊಸಬರೂ ಬಹಳ ಮಂದಿ; ಮೂರೆಣಿಕೆಯ ನಡೆ ಅದರಲ್ಲೂ ಇರುವುದರಿಂದ ವಾಲ್ಟ್ಸ್ ಕೂರುತ್ತದೆ. ಎದುರಿಗೇ ನುಡಿಸುವ ವಿಯೆನ್ನಾದ ಮೇಳವಿದ್ದರೆ ಇನ್ನೊಂದು ಸೂಕ್ಷ್ಮ ಗಮನಿಸಬೇಕು. ಅವರು ಮೂರೂ ಎಣಿಕೆಯನ್ನು ಸಮನಾಗಿ ಬಾರಿಸುವುದಿಲ್ಲ, ಎರಡನೆಯದನ್ನು ಕೂದಲೆಳೆಯಷ್ಟು ಮುಂಚೆ ಹಾಕುತ್ತಾರೆ. ಆ ಚಿಮ್ಮು ಬರೆದ ಸ್ವರದಲ್ಲಿ ಕಾಣುವುದಿಲ್ಲ, ಕಾಲಿಗೆ ಮಾತ್ರ ತಿಳಿಯುತ್ತದೆ.

ಕೊನೆಯ ಪಾಠಗಳಲ್ಲಿ ಬಟ್ಟೆಯ ವಿಚಾರ ಬರುತ್ತದೆ. ಜೀನ್ಸ್ ತೊಟ್ಟು ಕಲಿತ ಸುತ್ತು ಮದುವೆಯ ಗೌನಿನಲ್ಲಿ ಹಾಗೇ ಬರುವುದಿಲ್ಲ. ಬಳೆ ಹಾಕಿದ ಒಳಲಂಗ ಇದ್ದರೆ ಇಬ್ಬರ ನಡುವಿನ ಅಂತರ ಬದಲಾಗುತ್ತದೆ, ನಡೆಸುವವರ ಕಾಲು ಎಲ್ಲಿ ಹೋಗುತ್ತಿದೆ ಎಂಬುದೇ ಕಾಣುವುದಿಲ್ಲ. ಗೌನಿನ ಹಿಂದೆ ನೆಲದ ಮೇಲೆ ಹರಿದಾಡುವ ಉದ್ದನೆಯ ಭಾಗವಂತೂ ಹಿಂದಕ್ಕೆ ಹೆಜ್ಜೆ ಇಟ್ಟೊಡನೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಮೇಲೆತ್ತಿ ಸೊಂಟದ ಹಿಂದೆ ಕೊಕ್ಕೆಗೋ ಗುಂಡಿಗೋ ಸಿಕ್ಕಿಸುವ ಏರ್ಪಾಡನ್ನು ದರ್ಜಿಯ ಹತ್ತಿರ ಮೊದಲೇ ಮಾಡಿಸಿಕೊಳ್ಳಬೇಕು. ಮದುವೆಯ ದಿನದ ಪಾದರಕ್ಷೆಯನ್ನೇ ತೊಟ್ಟು, ಮನೆಯಲ್ಲಿರುವ ಯಾವುದಾದರೂ ಉದ್ದ ಲಂಗ ಉಟ್ಟು ಒಂದೆರಡು ಬಾರಿ ಅಭ್ಯಾಸ ಮಾಡುವುದು ಇದಕ್ಕಾಗಿಯೇ. ಹಿಮ್ಮಡಿಯ ಎತ್ತರ ಬದಲಾದರೆ ಭಾರ ಕೂರುವ ಜಾಗವೂ ಬದಲಾಗುತ್ತದೆ.

ಇವತ್ತು ಅಪ್ಪ ಅಮ್ಮಂದಿರ ಎದುರು ಇಷ್ಟು ಗೌರವದಿಂದ ನಡೆಯುವ ಈ ನೃತ್ಯವನ್ನು ಒಂದು ಕಾಲಕ್ಕೆ ಹಿರಿಯರು ಹೆದರಿ ದೂರ ಇಟ್ಟಿದ್ದರು. ಆಲ್ಪ್ಸ್ ಸೀಮೆಯ ರೈತರ ಲೆಂಡ್ಲರ್ ಮುಂತಾದ ಸುತ್ತುಕುಣಿತಗಳಿಂದ ಅದು ಬೆಳೆದು ನಗರಕ್ಕೆ ಬಂತು. ದೊಡ್ಡಮನೆಯವರ ಹಳೆಯ ನೃತ್ಯಗಳಲ್ಲಿ ಬೆರಳ ತುದಿ ತಾಗಿದರೆ ಹೆಚ್ಚು. ಇಲ್ಲಿ ಹಾಡು ಮುಗಿಯುವತನಕ ಒಬ್ಬರನ್ನೊಬ್ಬರು ಹಿಡಿದೇ ಇರಬೇಕು. ಗಯಟೆಯ ‘ವರ್ಥರ್’ ಕಾದಂಬರಿ ಬಂದದ್ದು 1774ರಲ್ಲಿ. ಅದರ ನಾಯಕ ತಾನು ಪ್ರೀತಿಸುವ ಹುಡುಗಿ ಬೇರೆಯವರೊಡನೆ ವಾಲ್ಟ್ಸ್ ಮಾಡುವುದನ್ನು ಎಂದಿಗೂ ಒಪ್ಪಲಾರೆ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಳ್ಳುತ್ತಾನೆ. ವಿಯೆನ್ನಾದಲ್ಲಿ ಹಾಡಿಕೊಂಡಿದ್ದ ಐರಿಷ್ ಗಾಯಕ ಮೈಕಲ್ ಕೆಲ್ಲಿ, ಅಲ್ಲಿನ ಹೆಂಗಸರು ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ವಾಲ್ಟ್ಸ್ ಮಾಡುತ್ತಿದ್ದರೆಂದೂ, ತುಂಬು ಬಸುರಿಯರಿಗಾಗಿ ಪಕ್ಕದಲ್ಲೇ ಕೋಣೆಗಳನ್ನು ಸಜ್ಜುಮಾಡಿ ಇಡುತ್ತಿದ್ದರೆಂದೂ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ನೆಪೋಲಿಯನ್ ಸೋತ ನಂತರ ಯುರೋಪಿನ ದೊರೆಗಳೆಲ್ಲ 1814-15ರಲ್ಲಿ ವಿಯೆನ್ನಾದಲ್ಲಿ ಸಭೆ ಸೇರಿದಾಗ ಇದರ ರುಚಿ ಹತ್ತಿಸಿಕೊಂಡು ತಮ್ಮ ತಮ್ಮ ನಾಡಿಗೆ ಒಯ್ದರು. 1816ರಲ್ಲಿ ಲಂಡನ್ನಿನ ಅರಮನೆಯ ನೃತ್ಯಕೂಟದಲ್ಲಿ ವಾಲ್ಟ್ಸ್ ಕಾಣಿಸಿಕೊಂಡದ್ದಕ್ಕೆ ‘ಟೈಮ್ಸ್’ ಪತ್ರಿಕೆ ಕೆಂಡಾಮಂಡಲವಾಯಿತು. ಇಂಥ ಪರದೇಶದ ಅಸಭ್ಯ ಕುಣಿತಕ್ಕೆ ಹೆಣ್ಣುಮಕ್ಕಳನ್ನು ಬಿಡಬೇಡಿ ಎಂದು ಹೆತ್ತವರನ್ನು ಎಚ್ಚರಿಸಿತು. ಈಗ ಮಗಳ ಕೈಹಿಡಿದು ಅದೇ ಹೆಜ್ಜೆ ಹಾಕುವವನು ಅಪ್ಪ.

ಈಚೆಗೆ ಮದುಮಕ್ಕಳ ನೃತ್ಯದ ಸ್ವರೂಪ ಬೇರೆ ಕಡೆ ತಿರುಗುತ್ತಿದೆ. ಯೂಟ್ಯೂಬಿನಲ್ಲಿ ನೋಡಿದ ನೃತ್ಯವೊಂದನ್ನು ಹೆಜ್ಜೆ ಹೆಜ್ಜೆಗೂ ಕಟ್ಟಿಸಿಕೊಂಡು, ಎತ್ತಿ ತಿರುಗಿಸಿ, ಕೊನೆಗೆ ಬಾಗಿಸಿ ಮುಗಿಸುವುದು ಆಸ್ಟ್ರಿಯಾದಲ್ಲೂ ಉಂಟು. ಬೆಂಗಳೂರಿನ ಆರತಕ್ಷತೆಗಳಿಗೂ ‘ಸಂಗೀತ್’ ಹೆಸರಿನ ಸಂಜೆಗಳಿಗೂ ಕೊರಿಯೋಗ್ರಾಫರ್ ಬಂದು ಗಂಡು ಹೆಣ್ಣಿಗೆ ಇಂಥದ್ದನ್ನು ಕಲಿಸಿಹೋಗುತ್ತಾರೆ. ನೋಡಲು ಚೆನ್ನ, ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಅದು ಆ ಹಾಡಿಗೆ, ಆ ಸಂಜೆಗೆ ಮುಗಿಯುವ ಕಲಿಕೆ. ಹಾಡು ಬದಲಾದರೆ ಹೆಜ್ಜೆ ಇಲ್ಲ, ಮೂರನೆಯವರಿಗೆ ಅದರಲ್ಲಿ ಜಾಗ ಇಲ್ಲ. ನೆಂಟರು ಮೊಬೈಲು ಎತ್ತಿ ಹಿಡಿಯುತ್ತಾರೆ, ಕೊನೆಗೆ ಚಪ್ಪಾಳೆ ಹೊಡೆದು ಕೂರುತ್ತಾರೆ. ವಾಲ್ಟ್ಸ್ ಕಲಿತವರ ಕೈಗೆ ಸಿಗುವುದು ಯಾವ ವಾಲ್ಟ್ಸ್ ಹಾಡಿಗೂ, ಯಾರ ಜೊತೆಗೂ ಒಗ್ಗುವ ವಿದ್ಯೆ. ಮದುಮಗಳು ಅಪ್ಪನ ಜೊತೆ, ಮಾವನ ಜೊತೆ, ಹತ್ತು ವರ್ಷದ ತಮ್ಮನ ಜೊತೆ ಅಲ್ಲೇ ಮುಂದುವರಿಸಬಲ್ಲಳು. ಆಯ್ಕೆ ಮಾಡು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಮೊದಲು ಮದುಮಕ್ಕಳು, ಆಮೇಲೆ ಎಲ್ಲರೂ ಎಂಬ ಈ ಕ್ರಮ ನಮ್ಮ ಕರಾವಳಿಗೆ ಹೊಸತೇನಲ್ಲ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರ ಮದುವೆಯಲ್ಲಿ ತೆಂಗಿನಹಾಲು ಹಚ್ಚುವ ರೋಸ್ ಮುಗಿದು, ಇಗರ್ಜಿಯಲ್ಲಿ ಲಗ್ನವಾಗಿ, ಎಲ್ಲರೂ ಹಾಲ್‌ಗೆ ಬಂದಮೇಲೆ ಕೇಕು, ಶುಭಾಶಯ, ನಂತರ ಹೊಸ ದಂಪತಿಗಳ ಮೊದಲ ನೃತ್ಯ. ಬ್ಯಾಂಡ್ ನಿಧಾನದ ಹಾಡು ಎತ್ತಿಕೊಳ್ಳುತ್ತದೆ, ದಂಪತಿಗಳು ಒಂದಷ್ಟು ಸುತ್ತುತ್ತಾರೆ, ನಿರೂಪಕರು ಉಳಿದವರನ್ನು ಕರೆಯುತ್ತಾರೆ. ಸಂಜೆ ಏರುತ್ತಿದ್ದಂತೆ ಬರುತ್ತದೆ ಮಸಾಲಾ: ಕೊಂಕಣಿ, ತುಳು, ಕನ್ನಡ, ಹಿಂದಿ ಹಾಡುಗಳನ್ನು ಒಂದರ ಬಾಲಕ್ಕೆ ಇನ್ನೊಂದು ಪೋಣಿಸಿದ ಸರಣಿ. ಆಗ ಕುರ್ಚಿಯಲ್ಲಿ ಉಳಿಯುವವರು ಮಂಡಿನೋವಿನವರು ಮಾತ್ರ. ಅಲ್ಲಿನ ಮಕ್ಕಳು ಹೆಚ್ಚಾಗಿ ಯಾವ ಶಾಲೆಗೂ ಹೋಗದೆ, ಸೋದರತ್ತೆಯ ಕೈ ಹಿಡಿದು, ಇಂಥ ಹಾಲ್‌ಗಳಲ್ಲೇ ಕಲಿತುಬಿಡುತ್ತಾರೆ.

ವಿಯೆನ್ನಾದಲ್ಲೇ ಒಮ್ಮೆ ಕೈಹಾಕಿ ನೋಡಬೇಕು ಎನ್ನುವವರಿಗೆ ಮದುವೆಯ ಆಮಂತ್ರಣ ಬೇಡ. ನವೆಂಬರ್ 11ರಂದು ನೃತ್ಯಕೂಟಗಳ ಋತು ಶುರುವಾಗುತ್ತದೆ. ಕಾಫಿ ಅಂಗಡಿಯವರು, ಡಾಕ್ಟರುಗಳು, ಬೇಟೆಗಾರರು, ಮಿಠಾಯಿಗಾರರು, ಹೀಗೆ ಹಲವು ಕಸುಬಿನವರದೂ ಸೇರಿ 400ಕ್ಕೂ ಹೆಚ್ಚು ಕೂಟಗಳು ನಡೆಯುತ್ತವೆ, ಅನೇಕವಕ್ಕೆ ಯಾರು ಬೇಕಾದರೂ ಟಿಕೆಟ್ ಕೊಳ್ಳಬಹುದು. ಜೊತೆ ಇಲ್ಲದವರಿಗೆ ಬಾಡಿಗೆಗೆ ಜೊತೆಯಾಗುವ ‘ಟ್ಯಾಕ್ಸಿ ಡ್ಯಾನ್ಸರ್’ಗಳೂ ಇದ್ದಾರೆ. ಖರ್ಚೂ ಬೇಡ, ಕರಿಕೋಟೂ ಬೇಡ ಎಂದರೆ ಡಿಸೆಂಬರ್ 31 ಇದೆ. ಅಂದು ನಗರದ ನಡುವಿನ ಗ್ರಾಬೆನ್ ಬೀದಿ ಬಯಲು ನೃತ್ಯಶಾಲೆಯಾಗುತ್ತದೆ, ಶಿಕ್ಷಕರು ದಾರಿಹೋಕರಿಗೆಲ್ಲ ವಾಲ್ಟ್ಸ್ ಹೇಳಿಕೊಡುತ್ತಾರೆ. ನಡುರಾತ್ರಿಗೆ ಸಂತ ಸ್ಟೀಫನ್ನರ ಇಗರ್ಜಿಯ ಪುಮ್ಮೆರಿನ್ ಎಂಬ ಹಿರಿಗಂಟೆ ಮೊಳಗುತ್ತದೆ, ಅದರ ಬೆನ್ನಿಗೇ ‘ನೀಲಿ ಡ್ಯಾನ್ಯೂಬ್’. ದಪ್ಪ ಕೋಟು, ಕೈಗವಸು ತೊಟ್ಟುಕೊಂಡು ಹೋಗಿ. ಅಡಿ ಜಾರದ ಬೂಟು ಇರಲಿ, ಅಷ್ಟು ಹೊತ್ತಿಗೆ ಕಲ್ಲುಹಾಸಿನ ಮೇಲೆ ಹಿಮ ಕಟ್ಟಿರುವುದುಂಟು.