ಹಸುಗೂಸಿನ ತೊಡೆಸಂದಿನ ಕೆಂಪು ಮೂರು ದಿನಗಳಲ್ಲಿ ಮಾಯದಿದ್ದರೆ

ನವಜಾತ ಶಿಶುವಿನ ತೊಡೆಸಂದು, ಪೃಷ್ಠ ಹಾಗೂ ಗುದದ ಸುತ್ತ ಕಾಣಿಸಿಕೊಳ್ಳುವ ಕೆಂಪುಗಂದೆಯನ್ನು ಡೈಪರ್ ಬಂದ ಮೇಲೆ ಹುಟ್ಟಿಕೊಂಡ ಕಾಯಿಲೆಯೆಂದು ಅನೇಕ ಹಿರಿಯರು ತಿಳಿದಿದ್ದಾರೆ. ಅದು ಹಾಗಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವಾಗ ‘ಅಹಿಪೂತನ’ ಎಂಬ ಹೆಸರಿನಿಂದ ಇದನ್ನು ವರ್ಣಿಸಲಾಗಿದೆ. ಮಲಮೂತ್ರಗಳಿಂದ ನೆನೆದ ಭಾಗವನ್ನು ತೊಳೆಯದೆ ಬಿಟ್ಟಾಗ, ಬೆವರಿದ ಮಗುವಿಗೆ ಸ್ನಾನ ಮಾಡಿಸದಿದ್ದಾಗ ರಕ್ತ ಕಫಗಳು ಕೆಟ್ಟು ಮೊದಲು ತುರಿಕೆ, ಬಳಿಕ ಗುಳ್ಳೆ ಮತ್ತು ಸ್ರಾವ, ಕೊನೆಗೆ ಒಂದರೊಡನೊಂದು ಕೂಡಿಕೊಂಡ ಹುಣ್ಣುಗಳು ಆಗುತ್ತವೆಂಬುದು ಅಲ್ಲಿನ ವಿವರಣೆ.

ವಾಗ್ಭಟನು ಅಷ್ಟಾಂಗ ಹೃದಯದಲ್ಲಿ ಇದೇ ವ್ಯಾಧಿಗೆ ಹಲವು ಹೆಸರುಗಳನ್ನು ಕೊಡುತ್ತಾನೆ. ಅವುಗಳಲ್ಲಿ ‘ಮಾತೃಕಾದೋಷ’ವೂ ಒಂದು. ಈ ಹೆಸರನ್ನು ಕೇಳಿದವರು ತಾಯಿಯ ದೋಷವೆಂದೇ ಅರ್ಥ ಮಾಡಿಕೊಳ್ಳುವುದು ಸಹಜ. ಮಗುವಿನ ಕೆಳಭಾಗ ಕೆಂಪಾಯಿತೆಂದರೆ ಬಾಣಂತಿ ಏನೋ ಉಷ್ಣದ ಪದಾರ್ಥ ತಿಂದಿರಬೇಕು, ಆಕೆಯ ಹಾಲು ಕೆಟ್ಟಿರಬೇಕು ಎಂದು ಅವಳ ಊಟವನ್ನು ಅನ್ನ ಸಾರಿಗೆ ಇಳಿಸುವ ಮನೆಗಳನ್ನು ನಾವು ಈಗಲೂ ಕಾಣುತ್ತಿದ್ದೇವೆ. ಆದರೆ ವಾಗ್ಭಟನೇ ಇದಕ್ಕೆ ಕಾರಣ ಹೇಳುವಾಗ ಮಲದ ಲೇಪ ಮತ್ತು ಬೆವರು ಎಂದಿದ್ದಾನೆ. ಚಿಕಿತ್ಸೆಯಲ್ಲಿ ಸ್ತನ್ಯಶೋಧನದ ಮಾತು ಬರುವುದು ನಿಜ. ಹಾಲು ಬಿಡಿಸಬೇಕೆಂಬ ಮಾತು ಅಲ್ಲಿಲ್ಲ. ಎದೆಹಾಲು ಕುಡಿಯುವ ಮಗುವಿನ ಮಲವು ಚರ್ಮವನ್ನು ಕೆರಳಿಸುವುದು ಕಡಿಮೆ. ಆದುದರಿಂದ ಹಾಲನ್ನು ನಿಲ್ಲಿಸಿ ಡಬ್ಬಿಯ ಹಾಲಿಗೆ ಹೋದರೆ ತೊಂದರೆ ಹೆಚ್ಚಾಗುವ ಸಂಭವವೇ ಇದೆ.

ಹಸುಗೂಸು ದಿನಕ್ಕೆ 20 ಸಲದಷ್ಟು ಮೂತ್ರ ಮಾಡುವುದುಂಟು. ಹಾಲು ಕುಡಿದಾಗಲೆಲ್ಲ ಮಲವಿಸರ್ಜನೆ ಮಾಡುವ ಮಕ್ಕಳೂ ಇವೆ. ಮೂತ್ರ ಮಲಗಳೆರಡೂ ಒಟ್ಟಿಗೆ ನಿಂತಾಗ ಅಮೋನಿಯಾ ಉಂಟಾಗಿ ಚರ್ಮದ ಮೇಲೆ ಕ್ಷಾರಗುಣ ಏರುತ್ತದೆ. ಆಗ ಮಲದಲ್ಲಿರುವ ಜೀರ್ಣಕಾರಿ ಕಿಣ್ವಗಳು ಚುರುಕಾಗಿ, ನೆನೆದು ಮೆತ್ತಗಾದ ಚರ್ಮವನ್ನೇ ಕೊರೆಯತೊಡಗುತ್ತವೆ. ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯಿದ್ದರೆ ಕೇಳುವುದೇ ಬೇಡ.

ಇಷ್ಟರಿಂದಲೇ ಆದ ಗಂದೆಯು ಕ್ರಮವರಿತು ನೋಡಿಕೊಂಡರೆ 2–3 ದಿನಗಳಲ್ಲಿ ಇಳಿಯಬೇಕು. ಎರಡು ಮೂರು ತಾಸಿಗೊಮ್ಮೆ, ಮಲ ಮಾಡಿದರೆ ಕೂಡಲೇ ಬಟ್ಟೆ ಬದಲಿಸಬೇಕು. ಉಗುರುಬೆಚ್ಚಗಿನ ಬರೀ ನೀರಿನಲ್ಲಿ ಹತ್ತಿಯನ್ನು ಅದ್ದಿ ತೊಳೆದು, ಉಜ್ಜದೆ ಮೃದುವಾಗಿ ಒತ್ತಿ ಒರೆಸಬೇಕು. ಸುಗಂಧದ ಒದ್ದೆ ಕಾಗದಗಳೂ, ಆ ಜಾಗಕ್ಕೆ ಕಡಲೆಹಿಟ್ಟು ಸೀಗೆಪುಡಿಗಳೂ ಬೇಡ. ದಿನಕ್ಕೆ ಮೂರು ನಾಲ್ಕು ಸಲ ಹತ್ತು ಹದಿನೈದು ನಿಮಿಷ ಮಗುವನ್ನು ಒಣಬಟ್ಟೆಯ ಮೇಲೆ ಬರಿಮೈಯಲ್ಲಿ ಮಲಗಿಸಿದರೆ ಗಾಳಿಯೇ ಅರ್ಧ ಔಷಧ. ಬಾಣಂತಿಯ ಕೋಣೆಯ ಕಿಟಕಿಯನ್ನೆಲ್ಲ ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು, ಮಗುವನ್ನು ಬೆವರುವಂತೆ ಸುತ್ತಿಡುವ ಮನೆಗಳಲ್ಲಿ ಈ ಗಂದೆ ಮಾಯುವುದು ಕಷ್ಟ. ಒಣಗಿದ ಚರ್ಮಕ್ಕೆ ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪವಾಗಿ ಬಳಿದರೆ ತೇವ ತಾಗದಂತೆ ತಡೆಯಾಗುತ್ತದೆ. ಇಂಗ್ಲಿಷ್ ಔಷಧವೆಂದು ಹಿಂಜರಿಯಬೇಕಾಗಿಲ್ಲ. ನಮ್ಮ ರಸಶಾಸ್ತ್ರದ ಯಶದವೆಂಬ ಲೋಹವೇ ಅದರ ಮೂಲ. ಚರ್ಮ ಒಡೆಯದೆ ಬರೀ ಕೆಂಪಾಗಿದ್ದರೆ ವೈದ್ಯರು ಶುದ್ಧವಾಗಿ ಸಿದ್ಧಪಡಿಸಿಕೊಟ್ಟ ಶತಧೌತ ಘೃತವೂ ಉರಿ ಇಳಿಸುತ್ತದೆ. ತ್ರಿಫಲಾ ಮತ್ತು ಖದಿರದ ಕಷಾಯದಿಂದ ತೊಳೆಯುವುದನ್ನು ಗ್ರಂಥಗಳು ಹೇಳಿವೆಯಾದರೂ, ತಿಂಗಳು ತುಂಬದ ಕೂಸಿಗೆ ಅಂಗಡಿಯ ಪುಡಿಯಿಂದ ಮನೆಯಲ್ಲೇ ಕಷಾಯ ಮಾಡಿ ಬಳಸುವುದನ್ನು ನಾವು ಒಪ್ಪುವುದಿಲ್ಲ.

ಇಷ್ಟು ಮಾಡಿದರೂ ಮೂರು ದಿನಗಳಲ್ಲಿ ಇಳಿಯಲಿಲ್ಲವೆಂದರೆ ಕಾರಣ ಬೇರೆಯಿದೆ. ಆಗ ತಾಯಂದಿರು ತೊಡೆಯ ಮಡಿಕೆಗಳನ್ನು ಬಿಡಿಸಿ ನೋಡಬೇಕು. ತೇವದಿಂದ ಆದ ಗಂದೆಯು ಬಟ್ಟೆ ತಾಗುವ ಉಬ್ಬು ಭಾಗಗಳಲ್ಲಿರುತ್ತದೆ. ಮಡಿಕೆಯ ಒಳಗು ಬಹುಮಟ್ಟಿಗೆ ಸ್ವಚ್ಛವಾಗಿರುತ್ತದೆ. ಮಡಿಕೆಯ ಒಳಗೇ ಗಾಢವಾದ ಕೆಂಪಿದ್ದು, ಅದರ ಅಂಚಿನಿಂದಾಚೆ ಸಾಸಿವೆ ಚೆಲ್ಲಿದಂತೆ ಬಿಡಿಬಿಡಿ ಕೆಂಪು ಗುಳ್ಳೆಗಳಿದ್ದರೆ ಅದು ಬಹುತೇಕ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಕೂಸಿನ ಬಾಯಿಯನ್ನೂ ನೋಡಿರಿ. ನಾಲಿಗೆ ಕೆನ್ನೆಗಳ ಒಳಬದಿಯಲ್ಲಿ ಒರೆಸಿದರೂ ಹೋಗದ, ಮೊಸರಿನ ಚೂರಿನಂತಹ ಬಿಳಿ ಪೊರೆಯಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ತಾಯಿಗಾಗಲಿ ಮಗುವಿಗಾಗಲಿ ಆಂಟಿಬಯೋಟಿಕ್ ಕೊಟ್ಟಿದ್ದರೆ ಈ ಸೋಂಕು ಬರುವ ಸಂಭವ ಹೆಚ್ಚು. ಇದಕ್ಕೆ ತುಪ್ಪವಾಗಲಿ ಎಣ್ಣೆಯಾಗಲಿ ಸಾಲದು. ಮಕ್ಕಳ ತಜ್ಞರು ಕೊಡುವ ಶಿಲೀಂಧ್ರನಾಶಕ ಮುಲಾಮು ಬೇಕು. ಕೆಂಪು ಹೋದ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಬೇಕು. ಇಂತಹ ಕೂಸುಗಳನ್ನು ನಾವು ಮಕ್ಕಳ ತಜ್ಞರಲ್ಲಿಗೇ ಕಳುಹಿಸುತ್ತೇವೆ.

ಕೆಲವು ದಿನಗಳ ಹಿಂದೆ 20 ದಿನದ ಕೂಸೊಂದನ್ನು ಅದರ ಅಜ್ಜಿ ನಮ್ಮಲ್ಲಿಗೆ ಎತ್ತಿಕೊಂಡು ಬಂದಿದ್ದರು. ಔಷಧದ ಅಂಗಡಿಯಿಂದ ಕೇಳಿ ತಂದ ಮುಲಾಮನ್ನು ಹಚ್ಚಿದಾಗ ಎರಡು ದಿನ ಕೆಂಪು ಇಳಿದು, ಮೂರನೆಯ ದಿನ ಮೊದಲಿಗಿಂತ ಹೆಚ್ಚಾಗಿತ್ತು. ಕೊಳವೆಯನ್ನು ನೋಡಿದರೆ ಅದರಲ್ಲಿ ಸ್ಟೀರಾಯ್ಡ್ ಇತ್ತು. ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಹಾಗೂ ತೀವ್ರ ಸ್ಟೀರಾಯ್ಡ್ ಮೂರನ್ನೂ ಕೂಡಿಸಿದ ಇಂತಹ ಮುಲಾಮುಗಳು ಚೀಟಿಯಿಲ್ಲದೆ ಕೈಗೆ ಸಿಗುತ್ತಿರುವುದು ನಮಗೆ ಬಹಳ ಆತಂಕದ ಸಂಗತಿ. ಸ್ಟೀರಾಯ್ಡ್ ಕೆಂಪನ್ನು ಮರೆಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಕೂಸಿನ ತೆಳುಚರ್ಮದ ಮೇಲೆ ಹಚ್ಚಿ ಡೈಪರ್‌ನಿಂದ ಬಿಗಿದರೆ ಅದು ರಕ್ತಕ್ಕೆ ಸೇರುತ್ತದೆ. ದಿನಗಟ್ಟಲೆ ಹಚ್ಚಿದರೆ ಚರ್ಮ ಸವೆಯುವುದಲ್ಲದೆ ಮಗುವಿನ ಬೆಳವಣಿಗೆಗೂ ಪೆಟ್ಟು ಬೀಳಬಹುದು.

ಅದೇ ಅಜ್ಜಿ ಇನ್ನೊಂದು ಮಾತು ಕೇಳಿದರು: “ಮ್ಯಾಲೆ ಮಠದ ವಿಭೂತಿನೂ ಹಚ್ಚೇವ್ರಿ ಸಾಹೇಬ್ರ, ಅದರಿಂದೇನ ಕೆಟ್ಟ ಆಗೂದಿಲ್ಲಲ್ರಿ?” ಈ ಪ್ರಶ್ನೆಯನ್ನು ಕೇಳದವರೂ ಮನೆಯಲ್ಲಿ ಇದನ್ನು ಮಾಡುತ್ತಿರುವುದರಿಂದ ಇಲ್ಲಿ ಬಿಚ್ಚಿ ಹೇಳುತ್ತಿದ್ದೇವೆ. ಕೂಸಿನ ಹಣೆಗೆ ವಿಭೂತಿಯನ್ನು ಧಾರಣೆ ಮಾಡಿಸಿರಿ. ಅದು ನಮ್ಮ ಸಂಸ್ಕಾರ. ಹುಣ್ಣಿಗೆ ಅದು ಔಷಧವಲ್ಲ. ಸಗಣಿಯನ್ನು ಸುಟ್ಟು ಮಾಡಿದ ಬೂದಿಯು ಸ್ವಭಾವತಃ ಕ್ಷಾರ. ಕ್ಷಾರದಿಂದಲೇ ನೊಂದ ಚರ್ಮಕ್ಕೆ ಮತ್ತಷ್ಟು ಕ್ಷಾರ ಬಿದ್ದು, ಮೂತ್ರದಲ್ಲಿ ಕಲೆತು ಮಡಿಕೆಯೊಳಗೆ ಕೆಸರಿನಂತೆ ಕೂರುತ್ತದೆ. ಮಲಮೂತ್ರಗಳ ಜಾಗಕ್ಕೆ ವಿಭೂತಿಯನ್ನು ಇಳಿಸುವುದು ಭಕ್ತಿಯ ದೃಷ್ಟಿಯಿಂದಲೂ ಯೋಗ್ಯವೆಂದು ನಮಗನ್ನಿಸುವುದಿಲ್ಲ. ಬೋರಿಕ್ ಪುಡಿಯಂತೂ ವಿಷ; ಒಡೆದ ಚರ್ಮದ ಮೂಲಕ ದೇಹಕ್ಕೆ ಸೇರಿ ಶಿಶುಗಳ ಪ್ರಾಣ ತೆಗೆದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಟಾಲ್ಕಂ ಪೌಡರ್ ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗುವುದರಿಂದ ಅದನ್ನೂ ಬಿಡಬೇಕು.

ಗುದದ ಸುತ್ತಲಿನಂತೆಯೇ ಬಾಯಿಯ ಸುತ್ತಲೂ ಕೈಕಾಲುಗಳ ಬೆರಳುಗಳಲ್ಲಿಯೂ ಗಂದೆಯಿದ್ದರೆ ಅದು ಸತುವಿನ ಕೊರತೆಯಿಂದ ಇರಬಹುದು. ವಿರಳವಾದರೂ ಮುಲಾಮಿನಿಂದ ಅದು ಎಂದೂ ಗುಣವಾಗದು. ಕೀವು ತುಂಬಿದ ಇಲ್ಲವೆ ನೀರುತುಂಬಿದ ಗುಳ್ಳೆಗಳು, ರಕ್ತ ಜಿನುಗುವ ಹುಣ್ಣು, ಹೊಟ್ಟೆಯ ಕಡೆಗೆ ಹಬ್ಬುತ್ತಿರುವ ಕೆಂಪು, ಹಾಲು ಕುಡಿಯದಿರುವುದು, ಮಂಕಾಗಿ ಮಲಗಿರುವುದು, ಮೈ ತಣ್ಣಗಾಗಿರುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲಿನ ಜ್ವರ, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 28 ದಿನಗಳೊಳಗಿನ ಶಿಶುವಿನಲ್ಲಿ ಸೋಂಕು ಹರಡಲು ಕೆಲವೇ ತಾಸುಗಳು ಸಾಕು.

ಬಟ್ಟೆಯ ವಿಷಯ ಒಂದಿಷ್ಟು. ಹಳೆಯ ಹತ್ತಿ ಸೀರೆ, ಧೋತರಗಳ ಮೆತ್ತನೆಯ ತುಂಡುಗಳೇ ಹಗಲಿಗೆ ಉತ್ತಮ. ಡೈಪರನ್ನು ಪ್ರಯಾಣಕ್ಕೂ ರಾತ್ರಿಗೂ ಇಟ್ಟುಕೊಂಡರೆ ತಪ್ಪಿಲ್ಲ. ಗಂದೆಯಿರುವಾಗ ರಾತ್ರಿಯೂ ಎದ್ದು ಬದಲಿಸಬೇಕು. ಒಗೆದ ಬಟ್ಟೆಯಲ್ಲಿ ಸೋಪಿನ ಅಂಶ ಉಳಿಯದಂತೆ ಮೂರು ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿರಿ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಇಸ್ತ್ರಿ ಮಾಡಿ, ಪೂರ್ತಿ ಆರಿದ ಮೇಲಷ್ಟೇ ಕಟ್ಟಿರಿ.