ತಿಳಿದಿರುವುದೂ ತಿಳಿದಂತೆ ತೋರುವುದೂ

ನಿತ್ಯವೂ ಕಣ್ಣಿಗೆ ಬೀಳುವ ವಸ್ತುಗಳನ್ನು ಕುರಿತು ನಮಗೆ ಎಷ್ಟು ತಿಳಿದಿದೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯೇ ಅನಾವಶ್ಯಕವೆಂದು ನಾವು ಭಾವಿಸುವ ಸಂಭವವುಂಟು. ಮನೆಯ ಬಾಗಿಲಿನ ಬೀಗ, ಅಂಗಡಿಯಲ್ಲಿ ಕೊಟ್ಟು ತೆಗೆದುಕೊಳ್ಳುವ ನಾಣ್ಯ, ಬೀದಿಯಲ್ಲಿ ಓಡಾಡುವ ಬೈಸಿಕಲ್ಲು, ಇವನ್ನು ಅರಿಯದವರಾರು? ಆದರೆ ಈ ಅರಿವನ್ನು ಪರೀಕ್ಷೆಗೆ ಒಡ್ಡಿದಾಗ ದೊರೆತ ಫಲಗಳು ನಮ್ಮ ನಂಬಿಕೆಗೆ ಅನುಕೂಲವಾಗಿಲ್ಲ. ಮನುಷ್ಯನು ತನ್ನ ತಿಳಿವಳಿಕೆಯನ್ನು ತಾನೇ ಅಳೆದುಕೊಳ್ಳುವಾಗ ಎಲ್ಲಿ ತಪ್ಪುತ್ತಾನೆ, ಏಕೆ ತಪ್ಪುತ್ತಾನೆ, ಆ ತಪ್ಪಿನಿಂದ ವಿದ್ಯಾಭ್ಯಾಸಕ್ಕೆ ಒದಗುವ ಹಾನಿಯೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ನಾಣ್ಯದ ವಿಷಯ. ನಿಕರ್ಸನ್ ಮತ್ತು ಆಡಮ್ಸ್ ಎಂಬ ಸಂಶೋಧಕರು ೧೯೭೯ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ೨೦ ಮಂದಿ ಅಮೆರಿಕನ್ನರನ್ನು ಕರೆದು, ಅವರ ದೇಶದ ಒಂದು ಸೆಂಟಿನ ನಾಣ್ಯದ ಎರಡು ಮುಖಗಳನ್ನೂ ನೆನಪಿನಿಂದಲೇ ಚಿತ್ರಿಸಬೇಕೆಂದು ಕೇಳಿದರು. ಲಿಂಕನ್ನರ ಮುಖ, ಇಸವಿ, ಹಿಂಬದಿಯ ಕಟ್ಟಡ, ಅಲ್ಲಲ್ಲಿ ಅಚ್ಚಾದ ಬರಹಗಳು, ಹೀಗೆ ಮುಖ್ಯ ಲಕ್ಷಣಗಳು ಒಟ್ಟು ೮. ಎಲ್ಲರ ಉತ್ತರಗಳನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಂತ ಸಂಖ್ಯೆ ಕೇವಲ ೩! ಎಂಟನ್ನೂ ಸರಿಯಾದ ಸ್ಥಾನಗಳಲ್ಲಿ ತೋರಿಸಿದವನು ಒಬ್ಬನೇ. ಅವನು ಅಂತಹ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವನಾಗಿದ್ದನು. ಉಳಿದವರು ಆ ನಾಣ್ಯವನ್ನು ಸಾವಿರಾರು ಸಲ ಕೈಯಲ್ಲಿ ಹಿಡಿದವರೇ. ವಾಚಕರು ಈ ಪುಟವನ್ನು ಬದಿಗಿಟ್ಟು, ನಮ್ಮ ಒಂದು ರೂಪಾಯಿಯ ನಾಣ್ಯವನ್ನು ಕಾಗದದ ಮೇಲೆ ಬರೆದು ನೋಡಬಹುದು.

ನಾಣ್ಯದ ಬರಹ ಯಾರಿಗೆ ಬೇಕು, ಬೆಲೆ ತಿಳಿದರೆ ಸಾಲದೇ ಎಂದು ಆಕ್ಷೇಪಿಸಬಹುದು. ಆ ಆಕ್ಷೇಪವು ನ್ಯಾಯವಾದುದೇ. ಆದಕಾರಣ ರಚನೆಗೂ ಕಾರ್ಯಕ್ಕೂ ನೇರವಾದ ಸಂಬಂಧವಿರುವ ಬೈಸಿಕಲ್ಲನ್ನು ಪರಿಶೀಲಿಸೋಣ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ರೆಬೆಕ್ಕಾ ಲಾಸನ್ ಅವರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಬೈಸಿಕಲ್ಲಿನ ಅಪೂರ್ಣ ರೇಖಾಚಿತ್ರವನ್ನು ಕೊಟ್ಟು, ಚೌಕಟ್ಟಿನ ಉಳಿದ ಭಾಗವನ್ನೂ ಪೆಡಲುಗಳನ್ನೂ ಚೈನನ್ನೂ ತುಂಬಿಸಲು ಹೇಳಿದರು. ಅನೇಕರು ಚೈನನ್ನು ಹಿಂದಿನ ಚಕ್ರಕ್ಕಲ್ಲದೆ ಮುಂದಿನ ಚಕ್ರಕ್ಕೂ ಸುತ್ತಿದರು. ಕೆಲವರು ಎರಡು ಚಕ್ರಗಳ ನಡುಬಿಂದುಗಳನ್ನೂ ಒಂದೇ ಸರಳಿನಿಂದ ಬಿಗಿದರು. ಇಂತಹ ಗಾಡಿ ತಯಾರಾದರೆ ಅದರ ಗತಿಯೇನು? ಮುಂದಿನ ಚಕ್ರವು ಹ್ಯಾಂಡಲಿನೊಡನೆ ಎಡಕ್ಕೂ ಬಲಕ್ಕೂ ತಿರುಗಬೇಕು. ಅದನ್ನು ಸರಳಿನಿಂದಲೋ ಚೈನಿನಿಂದಲೋ ಹಿಂದಿನ ಚಕ್ರಕ್ಕೆ ಕಟ್ಟಿಹಾಕಿದರೆ ಗಾಡಿಯನ್ನು ತಿರುಗಿಸಲಾಗದು. ತಿರುಗಿಸಲಾಗದ ಬೈಸಿಕಲ್ಲಿನ ಮೇಲೆ ಸಮತೋಲನವೂ ನಿಲ್ಲದು. ಸೈಕಲ್ ಸವಾರಿಯಲ್ಲಿ ನುರಿತವರು ಕಡಮೆ ತಪ್ಪು ಮಾಡಿದರೂ ತಪ್ಪುಗಳು ಸಂಪೂರ್ಣವಾಗಿ ಹೋಗಲಿಲ್ಲ. ಸವಾರಿ ಮಾಡುವ ಕಾಲಿಗೆ ತಿಳಿದಿರುವುದು ಚಿತ್ರ ಬರೆಯುವ ಕೈಗೆ ತಿಳಿದಿರಬೇಕೆಂಬ ನಿಯಮವಿಲ್ಲ.

ತಿಳಿಯದಿರುವುದು ಒಂದು ಕೊರತೆ. ತಿಳಿಯದೆಂಬುದೇ ತಿಳಿಯದಿರುವುದು ಇನ್ನೊಂದು. ಈ ಎರಡನೆಯದನ್ನು ನೇರವಾಗಿ ಅಳೆದವರು ಯೇಲ್ ವಿಶ್ವವಿದ್ಯಾನಿಲಯದ ರೋಜೆನ್‌ಬ್ಲಿಟ್ ಮತ್ತು ಕೀಲ್. ೨೦೦೨ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಬೀಗ, ಜಿಪ್ಪು, ಹೊಲಿಗೆ ಯಂತ್ರ ಮೊದಲಾದ ಸಾಧನಗಳು ಹೇಗೆ ಕೆಲಸ ಮಾಡುತ್ತವೆಂಬುದು ತಮಗೆ ಎಷ್ಟರಮಟ್ಟಿಗೆ ಗೊತ್ತು ಎಂದು ಜನರು ೧ರಿಂದ ೭ರವರೆಗಿನ ಅಂಕದಲ್ಲಿ ಸೂಚಿಸಬೇಕಾಗಿತ್ತು. ಬಳಿಕ ಕೆಲವು ಸಾಧನಗಳ ಕಾರ್ಯಕ್ರಮವನ್ನು ಹಂತಹಂತವಾಗಿ ಬರೆದು, ಮತ್ತೆ ಅಂಕ ಕೊಟ್ಟುಕೊಳ್ಳಬೇಕಾಗಿತ್ತು. ಬರೆದ ಮೇಲೆ ಅಂಕಗಳು ಇಳಿದವು. ಯಾರೂ ಅವರನ್ನು ತಿದ್ದಿರಲಿಲ್ಲ. ವಿವರಿಸಲು ಹೊರಟ ಪ್ರಯತ್ನವೇ ಅವರನ್ನು ತಿದ್ದಿತು. ಗಮನಿಸತಕ್ಕ ಸಂಗತಿಯೆಂದರೆ, ದೇಶಗಳ ರಾಜಧಾನಿಯಂತಹ ಬಿಡಿ ಸಂಗತಿಗಳಲ್ಲಿ ಈ ಇಳಿತವು ಅಲ್ಪವಾಗಿತ್ತು. ನೋಡಿದ ಚಲನಚಿತ್ರಗಳ ಕಥೆಯಲ್ಲಿ ಅದು ಕಾಣಲೇ ಇಲ್ಲ. ಎಂದರೆ ಮನುಷ್ಯನು ಎಲ್ಲ ವಿಷಯಗಳಲ್ಲಿಯೂ ಒಂದೇ ಸಮನಾಗಿ ಜಂಬಗಾರನಲ್ಲ. ‘ಏನು’ ಎಂಬುದಕ್ಕಿಂತ ‘ಹೇಗೆ’, ‘ಏಕೆ’ ಎಂಬಲ್ಲಿ ಅವನು ಹೆಚ್ಚು ಮೋಸಹೋಗುತ್ತಾನೆ.

ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಮೊದಲನೆಯದಾಗಿ, ವಸ್ತುವು ಎದುರಿಗಿರುವಾಗ ನಮ್ಮ ಕಣ್ಣು ಬೇಕಾದುದನ್ನೆಲ್ಲ ಅದರಿಂದಲೇ ಓದಿಕೊಳ್ಳುತ್ತದೆ; ಹೊರಗಿರುವ ಆ ವಿವರವನ್ನು ನಾವು ನಮ್ಮೊಳಗಿನದೆಂದು ಲೆಕ್ಕ ಹಿಡಿಯುತ್ತೇವೆ. ಎರಡನೆಯದಾಗಿ, ಒಂದು ಮಟ್ಟದ ತಿಳಿವಳಿಕೆಯನ್ನು ಎಲ್ಲ ಮಟ್ಟಗಳ ತಿಳಿವಳಿಕೆಯೆಂದು ಭ್ರಮಿಸುತ್ತೇವೆ. ಹೊಲಿಗೆ ಯಂತ್ರದ ಸೂಜಿಯು ಮೇಲೆ ಕೆಳಗೆ ಆಡುವುದು ಎಲ್ಲರಿಗೂ ಗೊತ್ತು. ಆದರೆ ಸೂಜಿಯು ಬಟ್ಟೆಯನ್ನು ಪೂರ್ತಿ ದಾಟಿಹೋಗದೆಯೇ ದಾರವು ಕೆಳಗೆ ಹೇಗೆ ಸಿಕ್ಕಿಕೊಳ್ಳುತ್ತದೆ? ಸೂಜಿಯ ಕಣ್ಣು ತುದಿಯಲ್ಲಿದೆ. ಅದು ಮೇಲೇರತೊಡಗಿದಾಗ ಬಟ್ಟೆಯಡಿ ದಾರವು ಕುಣಿಕೆಯಾಗುತ್ತದೆ. ಕೆಳಗಿನ ಕೊಕ್ಕೆಯು ಆ ಕುಣಿಕೆಯನ್ನು ಹಿಡಿದು ಎರಡನೆಯ ದಾರವಿರುವ ಬಾಬಿನ್ನಿನ ಸುತ್ತ ಹಾಯಿಸುತ್ತದೆ. ಇಷ್ಟನ್ನು ಹೇಳಲಾರದವನಿಗೂ ಸೂಜಿಯ ಓಡಾಟವನ್ನು ಕಂಡಷ್ಟಕ್ಕೇ ‘ತಿಳಿಯಿತು’ ಎಂಬ ತೃಪ್ತಿಯಿರುತ್ತದೆ. ಮೂರನೆಯದಾಗಿ, ರಾಜಧಾನಿಯ ಹೆಸರು ಬಾಯಿಗೆ ಬಂದಿತೇ ಇಲ್ಲವೇ ಎಂಬುದು ಆ ಕ್ಷಣವೇ ಸ್ಪಷ್ಟ. ವಿವರಣೆಗಾದರೋ ಅಂತಹ ನಿಶ್ಚಿತವಾದ ಕೊನೆಯಿಲ್ಲ.

ಕೊನೆಯಿಲ್ಲವೆಂಬ ಮಾತಿಗೆ ಋತುಗಳ ನಿದರ್ಶನ ಸಾಕು. ೧೯೮೭ರಲ್ಲಿ ತಯಾರಾದ ಒಂದು ಚಿತ್ರಕ್ಕಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪದವಿದಾನ ಸಮಾರಂಭದ ದಿನ ೨೩ ಮಂದಿ ಪದವೀಧರರು, ಅಧ್ಯಾಪಕರು ಮೊದಲಾದವರನ್ನು ಪ್ರಶ್ನಿಸಲಾಯಿತು. ಬೇಸಗೆ ಚಳಿಗಾಲಗಳಿಗೆ ಕಾರಣವನ್ನಾಗಲಿ ಚಂದ್ರನ ಕಲೆಗಳಿಗೆ ಕಾರಣವನ್ನಾಗಲಿ ಹೇಳುವಲ್ಲಿ ೨೧ ಮಂದಿ ತಪ್ಪಿದರು. ಭೂಮಿಯು ಸೂರ್ಯನಿಗೆ ಹತ್ತಿರವಾದಾಗ ಬೇಸಗೆ ಎಂಬುದು ಋತುಗಳ ವಿಷಯದಲ್ಲಿ ಸಾಮಾನ್ಯವಾದ ಉತ್ತರ. ವಾಸ್ತವದಲ್ಲಿ ಭೂಮಿಯು ಅತ್ಯಂತ ಸಮೀಪಕ್ಕೆ, ಸುಮಾರು ೧೪ ಕೋಟಿ ೭೧ ಲಕ್ಷ ಕಿಲೋಮೀಟರಿಗೆ, ಬರುವುದು ಜನವರಿಯ ಆದಿಯಲ್ಲಿ, ನಮ್ಮ ಚಳಿಗಾಲದಲ್ಲಿ. ನಿಜವಾದ ಕಾರಣವು ಭೂಮಿಯ ಅಕ್ಷದ ಸುಮಾರು ಇಪ್ಪತ್ತಮೂರೂವರೆ ಅಂಶಗಳ ಓರೆ. ಆದರೆ ಈ ಉತ್ತರವನ್ನು ಬಲ್ಲವರು ಸಹ ಅಲ್ಲಿಗೇ ನಿಲ್ಲಬಾರದು. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಕಡೆಯಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ ಸೂರ್ಯನು ನಡುಹಗಲಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಹಾಗಿದ್ದರೂ ಏಪ್ರಿಲ್ ಬೇಗೆಯ ಕಾಲ, ಆಗಸ್ಟ್ ತಂಪಿನ ಕಾಲ. ಇಲ್ಲಿ ಮುಂಗಾರಿನ ಮೋಡವನ್ನೂ ಮಳೆಯನ್ನೂ ಗಣನೆಗೆ ತೆಗೆದುಕೊಳ್ಳದೆ ಓರೆಯೊಂದರಿಂದಲೇ ಸಮಾಧಾನ ದೊರೆಯದು.

ಈ ವಿಚಾರವು ಕೇವಲ ವಿನೋದವಲ್ಲವೆಂಬುದಕ್ಕೆ ನಮ್ಮ ತರಗತಿಗಳೇ ಸಾಕ್ಷಿ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕ್ ಅವರ ೨೦೦೬ರ ಪ್ರಯೋಗವೊಂದರಲ್ಲಿ, ಒಂದು ಗುಂಪಿನ ವಿದ್ಯಾರ್ಥಿಗಳು ಒಂದೇ ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪಾಠವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮೊದಲನೆಯವರು ಪಾಠದ ಶೇಕಡ ೮೩ ಭಾಗವನ್ನು, ಎರಡನೆಯವರು ೭೧ ಭಾಗವನ್ನು ನೆನೆದರು. ಒಂದು ವಾರ ಕಳೆದು ಪರೀಕ್ಷಿಸಿದಾಗ ಮೊದಲನೆಯ ವಿಧಾನದವರಲ್ಲಿ ಉಳಿದುದು ೪೦, ಎರಡನೆಯವರಲ್ಲಿ ೬೧. ಆದರೂ ವಾರದ ಮೇಲೆ ತಮಗೆ ಚೆನ್ನಾಗಿ ನೆನಪಿರುವುದೆಂದು ಹೆಚ್ಚು ಭರವಸೆ ತಾಳಿದ್ದವರು ಬರಿದೇ ಓದಿದವರೇ! ಪುಟದ ಪರಿಚಯವು ಅವರಿಗೆ ವಿಷಯದ ಪರಿಜ್ಞಾನವಾಗಿ ತೋರಿತ್ತು. ‘ಎಲ್ಲ ಓದಿದ್ದೆ, ಬರೆಯಲು ಹೊಳೆಯಲಿಲ್ಲ’ ಎಂದು ಪರೀಕ್ಷೆಯ ಅನಂತರ ಹಲುಬುವ ವಿದ್ಯಾರ್ಥಿಯನ್ನು ನಾವು ಸೋಮಾರಿಯೆಂದು ಗದರಿಸುವುದುಂಟು. ಅವನು ಶ್ರಮಪಟ್ಟೇ ಇರಬಹುದು. ಶ್ರಮವನ್ನು ಅಳೆಯುವ ಕೋಲು ಮಾತ್ರ ತಪ್ಪಾಗಿತ್ತು. ಉಪನ್ಯಾಸದ ನಡುವೆ ‘ಅರ್ಥವಾಯಿತೇ?’ ಎಂದು ಕೇಳಿ, ತಲೆಯಾಡಿಸಿದುದನ್ನು ನೋಡಿ ಮುಂದುವರಿಯುವ ನಮ್ಮ ಅಳತೆಯೂ ಅದಕ್ಕಿಂತ ಮೇಲಾದುದಲ್ಲ.

ಕನ್ನಡ ನುಡಿಯು ಈ ಭೇದವನ್ನು ಮುಂಚೆಯೇ ಗುರುತಿಸಿದೆಯೆಂದು ನಮಗೆ ತೋರುತ್ತದೆ. ದಾರಿಯಲ್ಲಿ ಕಂಡವನ ‘ಗುರುತು’ ನಮಗಿರಬಹುದು. ಅಷ್ಟರಿಂದ ನಾವು ಅವನನ್ನು ‘ಬಲ್ಲೆವು’ ಎನ್ನಲಾಗದು. ‘ಬಲ್ಲ’ ಎಂಬ ಪದವು ಅರಿವನ್ನು ಹೇಳುವಂತೆಯೇ ಸಾಮರ್ಥ್ಯವನ್ನೂ ಹೇಳುತ್ತದೆ: ಅವನು ಶಾಸ್ತ್ರವನ್ನು ಬಲ್ಲನು, ಅವನು ಈಜಬಲ್ಲನು. ಹೇಳಬಲ್ಲೆವೇ, ಬರೆಯಬಲ್ಲೆವೇ, ಪುಸ್ತಕವನ್ನು ಮುಚ್ಚಿಟ್ಟು ಇನ್ನೊಬ್ಬರಿಗೆ ತಿಳಿಸಬಲ್ಲೆವೇ ಎಂದು ಕೇಳಿಕೊಳ್ಳುವುದೇ ಬಲ್ಮೆಯ ಪರೀಕ್ಷೆ. ಇದಕ್ಕೆ ಯಂತ್ರೋಪಕರಣ ಬೇಡ, ವೆಚ್ಚವೂ ಇಲ್ಲ. ಒಂದು ಹಾಳೆ ಕಾಗದವೂ, ಬರೆದುದನ್ನು ಕಂಡು ನಾಚದಿರುವಷ್ಟು ಧೈರ್ಯವೂ ಸಾಕು. ಪ್ರತಿ ಪಾಠದ ಕೊನೆಯಲ್ಲಿ ಐದು ನಿಮಿಷಗಳನ್ನು ಇದಕ್ಕೆ ಮೀಸಲಿಟ್ಟರೆ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಮ್ಮ ತಮ್ಮ ನೆಲೆ ತಿಳಿದೀತು. ನಮಗೆ ತಿಳಿಯದಿರುವುದು ಎಲ್ಲಿಂದ ಆರಂಭವಾಗುತ್ತದೆಂಬುದನ್ನು ಕಂಡುಕೊಂಡರೆ, ಕಲಿಕೆಯನ್ನು ಅಲ್ಲಿಂದಲೇ ಮುಂದುವರಿಸಬಹುದಷ್ಟೆ.